ಆರು ಪುಟ್ಟ ಲೋಟ, ಒಂದು ಸ್ಕ್ರೀನ್‌ಶಾಟ್

ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದೋರು ಓದಿ.

ಹೋದ ಶನಿವಾರ ನನ್ನ ಅಕ್ಕನ ಮಗಳು ಇನ್‌ಸ್ಟಾದಲ್ಲಿ ಒಂದು ಫೋಟೋ ಹಾಕಿದ್ಲು. ಮರದ ಹಲಗೆ ಮೇಲೆ ಆರು ಪುಟ್ಟ ಲೋಟ, ಆರು ಬಣ್ಣದ ಬಿಯರ್, ಹಿಂದೆ ನಾನು ಕೂತು ನಗ್ತಾ ಇದೀನಿ. ಕತ್ತಲ್ಲಿ ನೀಲಿ ಶಾಲು ಬೇರೆ, ಬೆಳಿಗ್ಗೆ ಪ್ರತಿಭಟನೆಗೆ ಹೋಗಿದ್ದು ಹಾಗೇ ಇತ್ತು. ಭಾನುವಾರ ಬೆಳಿಗ್ಗೆ ಅದರ ಸ್ಕ್ರೀನ್‌ಶಾಟ್ ನಮ್ಮ ಎರಡು ವಾಟ್ಸಾಪ್ ಗುಂಪಲ್ಲಿ ಓಡಾಡ್ತಾ ಇತ್ತು. ಚಳವಳಿಯ ಒಬ್ಬ ಸಹೋದರರು ಕೆಳಗೆ ಬರೆದಿದ್ದರು, ಹಗಲು ಮದ್ಯ ವಿರೋಧಿ ಭಾಷಣ, ಸಂಜೆ ಪಬ್ಬು ಅಂತ. ಇನ್ನೊಬ್ಬರು ಬಾಬಾಸಾಹೇಬರ ಹೆಸರನ್ನೇ ಎಳೆದು ತಂದಿದ್ದರು. ಫೋನ್ ಮಾಡಿ ಕೇಳಿದೋರು ಇಬ್ಬರು. ಉಳಿದೋರು ಬರೀ ಕಣ್ಣು ಪಿಳಿಪಿಳಿ ಇಮೋಜಿ.

ಹೌದು, ಕುಡಿದೆ. ಆರೂ ರುಚಿ ನೋಡಿದೆ, ಆಮೇಲೆ ಒಂದನ್ನ ದೊಡ್ಡ ಮಗ್‌ನಲ್ಲಿ ತರಿಸ್ಕೊಂಡೆ. ಯಾಕೆ, ಏನು ಅಂತ ಇಲ್ಲೇ ಬರೀತೀನಿ, ಗುಂಪಲ್ಲಿ ಬೇಡ.

ನಮ್ಮ ಹುಡುಗಿಗೆ ಇಪ್ಪತ್ನಾಲ್ಕು. ಮನೇಲಿ ಮೊದಲ ಇಂಜಿನಿಯರ್. ಕೆಲಸ ಕಾಯಂ ಆಯ್ತು, ಚಿಕ್ಕಮ್ಮಾ ನಿಂಗೊಂದು ಟ್ರೀಟ್ ಅಂದ್ಲು. ನಾನು ಎಂಟಿಆರ್ ಅಂದ್ಕೊಂಡೆ. ಅವಳು ಕರ್ಕೊಂಡು ಹೋಗಿದ್ದು ಇಂದಿರಾನಗರಕ್ಕೆ. ಅಲ್ಲೇ ಬಿಯರ್ ಮಾಡಿ ಅಲ್ಲೇ ಮಾರೋ ಜಾಗ, ಮೈಕ್ರೋಬ್ರೂವರಿ ಅಂತಾರಲ್ಲ ಅದು. 2010ರಲ್ಲಿ ಅದೇ 100 ಅಡಿ ರಸ್ತೆಯಲ್ಲಿ ಟಾಯ್ಟ್ ಶುರುವಾದಾಗ ನಮಗೆಲ್ಲ ಅದೊಂದು ದೂರದ ಸುದ್ದಿ. ಈಗ ಊರ ತುಂಬ ಇವೆ. ನಾವು ಹೋಗಿದ್ದರ ಹೆಸರು ಬರೆಯಲ್ಲ, ಪುಕ್ಕಟೆ ಜಾಹೀರಾತು ಯಾಕೆ.

ಬಾಗಿಲಲ್ಲಿ ಸೆಕ್ಯೂರಿಟಿ ಹುಡುಗ ಬ್ಯಾಗ್ ನೋಡಿದ. ಬ್ಯಾಗಲ್ಲಿ ಕರಪತ್ರದ ಕಟ್ಟು. ಮೇಲೆ ಬಾಬಾಸಾಹೇಬರ ಚಿತ್ರ ನೋಡಿ ಒಂದ್ ಸಲ ನನ್ನ ಮುಖ ನೋಡಿದ, ಹೋಗಿ ಅಕ್ಕ ಅಂದ. ಯಾವ ಊರಪ್ಪ ಅಂತ ಕೇಳಬೇಕು ಅನ್ನಿಸ್ತು, ಹಿಂದೆ ಜನ ನಿಂತಿದ್ದರು.

ಒಳಗೆ ಎರಡಾಳೆತ್ತರದ ತಾಮ್ರದ, ಸ್ಟೀಲಿನ ಹಂಡೆಗಳು. ಗೋಡೆ ಮೇಲೆ ಕಪ್ಪು ಹಲಗೆ, ಸೀಮೆಸುಣ್ಣದಲ್ಲಿ ಪಟ್ಟಿ. ಕೆಲವು ವರ್ಷಪೂರ್ತಿ ಇರೋವು, ಕೆಲವು ಸೀಸನಲ್. ಮಾವು ಮುಗೀತಾ ಬಂದಿತ್ತು, ನೇರಳೆ ಬಂದಿತ್ತು. ಎರಡೂ ಪ್ರತಿ ವರ್ಷ ವಾಪಸ್ ಬರೋವಂತೆ. ಕೊನೇಲಿ, ಹೊಸದು ಅಂತ ಸುತ್ತು ಹಾಕಿ, ರಾಗಿ ಏಲ್. ನಾನು ಓದಿದ್ದು ಸರಿನಾ ಅಂತ ಕನ್ನಡಕ ಒರೆಸ್ಕೊಂಡು ಮತ್ತೆ ನೋಡಿದೆ. ರಾಗಿನೇ.

ಮೊದಲನೇ ಲೋಟ ಗೋಧಿ ಬಿಯರ್. ಮಬ್ಬು ಹಳದಿ. ಮೂಸಿದರೆ ಬಾಳೆಹಣ್ಣು, ಲವಂಗ. ಬಾಳೆಹಣ್ಣು ಹಾಕ್ತೀರಾ ಅಂದೆ. ಬಡಿಸ್ತಿದ್ದ ಹುಡುಗ ನಗಲಿಲ್ಲ, ಮರ್ಯಾದೆಯಿಂದ ಹೇಳಿದ. ಹಣ್ಣೂ ಇಲ್ಲ, ಲವಂಗನೂ ಇಲ್ಲ ಮೇಡಂ, ಎರಡೂ ವಾಸನೆ ಯೀಸ್ಟ್ ಮಾಡೋದು. ಎರಡನೇದು ಮಾವಿಂದು. ಚೆನ್ನಾಗಿತ್ತು, ಆದರೆ ಮಾವಿನಹಣ್ಣು ತಿಂದು ಬೆಳೆದೋರಿಗೆ ಅದು ಹಣ್ಣು ತಿಂದ ಮೇಲೆ ತೊಳೆದ ಕೈ ವಾಸನೆ ಇದ್ದಂಗೆ, ಅಷ್ಟೇ. ಐಪಿಎ ಅನ್ನೋದು ಹಾಗಲಕಾಯಿಗಿಂತ ಕಹಿ. ನಮ್ಮ ಹುಡುಗಿಗೆ ಅದೇ ಇಷ್ಟ, ತಗೊಳಮ್ಮ ಅಂತ ಆ ಕಡೆ ತಳ್ಳಿದೆ. ಸ್ಟೌಟ್ ಕಪ್ಪಗೆ, ಸೀದ ಕಾಫಿ ಥರ. ಕೆಂಪಗಿದ್ದ ಇನ್ನೊಂದರ ನೆನಪೇ ಇಲ್ಲ.

ನೇರಳೆದು ಬಂತು. ಬಣ್ಣ ನೋಡಿದರೆ ಶರಬತ್ತು. ಬಾಯಿಗಿಟ್ಟೆ. ಹುಳಿ. ಒಂಥರಾ ಚುರುಕು ಹುಳಿ, ಹಿಂದೆ ಸಣ್ಣ ಸಿಹಿ, ಮೂಗಿಗೆ ಒಂಚೂರು ಕೊಳೆತ ಹಣ್ಣಿನ ವಾಸನೆ. ಈ ವಾಸನೆಗೆ ಫಂಕ್ ಅಂತಾರೆ ಚಿಕ್ಕಮ್ಮ, ಇದಕ್ಕೇ ಜನ ಜಾಸ್ತಿ ದುಡ್ಡು ಕೊಡೋದು ಅಂದ್ಲು ಹುಡುಗಿ.

ನಂಗೆ ಗೊತ್ತಿತ್ತು ಆ ವಾಸನೆ. ನಮ್ಮಜ್ಜಿ ಸೆರಗಿನ ವಾಸನೆ ಅದು.

ನಮ್ಮದು ಕೋಲಾರ ಕಡೆ. ಕೆರೆ ಹಿಂದೆ ಈಚಲು ತೋಪು. ಬೆಳಗಿನ ಹೆಂಡ ಸಿಹಿ, ಮಧ್ಯಾಹ್ನಕ್ಕೆ ಉಕ್ಕು ಬರುತ್ತೆ, ಸಂಜೆಗೆ ಹುಳಿ. ಯಾರೂ ಏನೂ ಹಾಕಬೇಕಿಲ್ಲ, ಗಾಳಿಯಲ್ಲಿ, ಮಡಕೆಯಲ್ಲಿ ಇರೋ ಯೀಸ್ಟೇ ಎಲ್ಲಾ ಮಾಡುತ್ತೆ. ಅಜ್ಜಿ ಗೌಡರ ಹೊಲದಲ್ಲಿ ಕಳೆ ಕಿತ್ತು ಬಂದು ಸಂಜೆ ಒಂದು ಕರಟ ಕುಡಿಯೋಳು. ಹುಳಿ ಬಂದ್ರೇನೇ ಹೆಂಡ ಕಣವ್ವ, ಸಿಹಿ ಇದ್ರೆ ನೀರು ಅನ್ನೋಳು. ಕರಟ ಯಾಕೆ ಅಂದರೆ ನಮ್ಮೋರಿಗೆ ಅಲ್ಲಿ ಲೋಟ ಇರಲಿಲ್ಲ. ತೋಪಿನ ಈ ಕಡೆ ಕೂರಬೇಕು, ಅವರವರ ಕರಟ ಅವರೇ ತರಬೇಕು, ಮೇಲಿಂದ ಹುಯ್ಯೋರು. ಹೋಟೆಲಲ್ಲಿ ಎರಡು ಲೋಟ ಇದ್ದದ್ದು ಎಲ್ಲರಿಗೂ ಗೊತ್ತು. ತೋಪಲ್ಲಿದ್ದ ಕರಟದ ಮಾತು ನಾವ್ಯಾರೂ ಭಾಷಣದಲ್ಲಿ ಹೇಳಲ್ಲ, ಯಾಕಂದ್ರೆ ಅದು ಹೆಂಡದ ವಿಷಯ, ಹೇಳೋಕೆ ನಮಗೇ ನಾಚಿಕೆ. ಬಡ ಹೆಂಗಸು, ಅದರಲ್ಲೂ ಹೊಲಗೇರಿ ಹೆಂಗಸು ಕುಡಿದರೆ ಅದು ಅವಳ ಜಾತಿ ಬುದ್ಧಿ ಅಂತ ಊರು ತೀರ್ಮಾನ ಮಾಡಿತ್ತು. ಅಜ್ಜಿ ಬಂದು ಪಕ್ಕ ಕೂತರೆ ಮೇಷ್ಟ್ರ ಹೆಂಡತಿ ಮೂಗು ಮುಚ್ಕೊಳ್ಳೋರು. ಗಬ್ಬು ಅಂತಿದ್ದರು. ಫಂಕ್ ಅನ್ನೋ ಪದ ಆಗ ಯಾರಿಗೂ ಗೊತ್ತಿರಲಿಲ್ಲ.

ಈಗ ನಮ್ಮ ಕಡೆ ಹೆಂಡ ಇಳಿಸೋಹಾಗಿಲ್ಲ. ಕರಾವಳಿಯ ಜಿಲ್ಲೆಗಳಲ್ಲಿದೆ, ಬಯಲುಸೀಮೆಗಿಲ್ಲ. ಹೆಂಡದಲ್ಲಿರೋ ಅಮಲು ನಾನು ಆ ದಿನ ಕುಡಿದ ಬಿಯರ್‌ನಲ್ಲಿದ್ದಷ್ಟೇ, ನೂರಕ್ಕೆ ನಾಲ್ಕೈದು. ಆದರೆ ಒಂದಕ್ಕೆ ಲೈಸೆನ್ಸು, ಎಸಿ, ಕಪ್ಪು ಹಲಗೆ. ಇನ್ನೊಂದಕ್ಕೆ ಕೇಸು.

ಇಲ್ಲಿಗೆ ನಿಲ್ಲಿಸಿದರೆ ಲೈಕು ಚೆನ್ನಾಗಿ ಬರುತ್ತೆ. ಆದರೆ ನಮ್ಮಪ್ಪನ ವಿಷಯ ಇದೆ.

ಅಪ್ಪ ಹೆಂಡದೋರಲ್ಲ, ಸಾರಾಯಿಯೋರು. ಪ್ಯಾಕೆಟ್ ಸಾರಾಯಿ. ಹಲ್ಲಲ್ಲಿ ಮೂಲೆ ಕಚ್ಚಿ ಹರಿದು ಬಾಯಿಗೆ ಸುರ್ಕೊಳ್ಳೋದು, ಅದರಲ್ಲಿ ರುಚಿ ನೋಡೋ ಮಾತೇ ಇಲ್ಲ. ನಾಲಿಗೆಗೆ ತಾಗದ ಹಾಗೆ ಗಂಟಲಿಗೆ ಇಳಿಸಬೇಕು. 1981ರ ಜುಲೈನಲ್ಲಿ ಬೆಂಗಳೂರಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಆಗ ಅಪ್ಪ ಇಲ್ಲೇ ಗಾರೆ ಕೆಲಸಕ್ಕೆ ಬಂದಿದ್ದರು, ಜೊತೆಯಲ್ಲಿದ್ದ ಒಬ್ಬರನ್ನ ಕಳ್ಕೊಂಡರು. ಬಿಡಲಿಲ್ಲ. ಅಮ್ಮನ ಎಡಗೈ ಇವತ್ತಿಗೂ ಪೂರ್ತಿ ಮೇಲೆ ಏಳಲ್ಲ, ಅದು ಅಪ್ಪ ಕೊಟ್ಟದ್ದು. ನಾನು ಬಿಎ ಮುಗಿಸಿ ಕೆಲಸಕ್ಕೆ ಸೇರಿದ ಎರಡನೇ ವರ್ಷ ಲಿವರ್ ಹೋಗಿ ಸತ್ತರು. ಸಾರಾಯಿ ನಿಷೇಧ ಆಗಿದ್ದು 2007ರ ಜುಲೈ 1ಕ್ಕೆ, ಅಪ್ಪನಿಗೆ ತಡವಾಯ್ತು. ಪ್ಯಾಕೆಟ್ ಹೋಯ್ತು, ಆ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಕೇರಿಯಲ್ಲಿ ಕುಡಿಯೋದೇನೂ ನಿಲ್ಲಲಿಲ್ಲ, ಕುಡಿಯೋಕೆ ಖರ್ಚು ಜಾಸ್ತಿ ಆಯ್ತು ಅಷ್ಟೇ.

ಅದಕ್ಕೇ 2019ರ ಜನವರಿಯಲ್ಲಿ ಹೆಣ್ಣುಮಕ್ಕಳು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಬಂದಾಗ ನಾನೂ ರಜೆ ಹಾಕಿ ನೆಲಮಂಗಲದಲ್ಲಿ ಸೇರ್ಕೊಂಡೆ. ನನ್ನ ಪಕ್ಕ ನಡೆದಾಕೆ ರಾಯಚೂರು ಕಡೆಯೋಳು. ಚಪ್ಪಲಿ ಕಿತ್ತು ಹೋಗಿ ಬರಿಗಾಲಲ್ಲಿ ಬಂದಿದ್ದಳು. ನಮ್ಮೂರಲ್ಲಿ ನೀರಿಗೆ ಎರಡು ಮೈಲಿ, ಎಣ್ಣೆಗೆ ಎರಡು ಹೆಜ್ಜೆ ಅಂದಿದ್ದಳು. ಆ ನಡಿಗೆಯನ್ನ ನಾನು ಇವತ್ತಿಗೂ ಹಿಂದಕ್ಕೆ ತಗೊಳ್ಳಲ್ಲ. ಊರೊಳಗೆ, ಕೂಲಿ ಬಟವಾಡೆ ಆಗೋ ಜಾಗದಲ್ಲಿ ಎಣ್ಣೆ ಅಂಗಡಿ ಬೇಡ ಅಂತ ನಾಳೆ ಕರೆದರೂ ಹೋಗ್ತೀನಿ.

ಹಂಗಾದ್ರೆ ಬಿಯರ್ ಯಾಕೆ ಕುಡಿದೆ ಅಂತೀರಾ? ಆವತ್ತು ನಂಗೆ ಕುಡೀಬೇಕು ಅನ್ನಿಸ್ತು. ನಮ್ಮ ಹುಡುಗಿ ಸ್ವಂತ ದುಡ್ಡಲ್ಲಿ ಕೊಡಿಸ್ತಾ ಇದ್ದಳು. ಎಲ್ಲರಿಗೂ ಒಂದೇ ಥರ ಗಾಜಿನ ಲೋಟ. ಯಾರೂ ಮೇಲಿಂದ ಹುಯ್ಯಲಿಲ್ಲ. ಒಂದೊಂದು ಗುಟುಕು ಕುಡಿದು, ಇದು ಹಿಂಗಿದೆ ಅದು ಹಂಗಿದೆ ಅಂತ ಮಾತಾಡಿದ್ವಿ. ಅಪ್ಪ ಒಂದು ದಿನವಾದರೂ ಇದು ರುಚಿಯಾಗಿದೆ ಅಂತ ಹೇಳಿ ಏನಾದರೂ ಕುಡಿದಿದ್ದರೇನು ಅಂತ ಯೋಚನೆ ಮಾಡಿದೆ. ಕುಡಿದಿದ್ದರೂ ಲಿವರ್ ಉಳೀತಿರಲಿಲ್ಲ ಬಿಡಿ. ಬಿಯರ್ರೂ ಅಮಲೇ, ಪುಟ್ಟ ಲೋಟದಲ್ಲಿ ಕೊಟ್ಟರೆ ಔಷಧಿ ಆಗಲ್ಲ.

ಬಾಬಾಸಾಹೇಬರು ಕುಡೀತಿರಲಿಲ್ಲ, ನಂಗೂ ಗೊತ್ತು. 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟಲ್ಲ ಅನ್ನೋದೂ ಒಂದು. ಆ ಮಾತು ಎತ್ತಿದ ಸಹೋದರರ ಆಕ್ಷೇಪ ಸುಳ್ಳಲ್ಲ. ನಾನಿನ್ನೂ ದೀಕ್ಷೆ ತಗೊಂಡಿಲ್ಲ, ತಗೊಂಡ ದಿನ ಬಿಡ್ತೀನಿ. ಆದರೆ ಒಂದು ಕೇಳ್ತೀನಿ. ಜಿಲ್ಲಾ ಸಮಾವೇಶ ಮುಗಿದ ರಾತ್ರಿ ಲಾಡ್ಜ್ ರೂಮಲ್ಲಿ ನಮ್ಮ ಗಂಡಸರು ಬಾಗಿಲು ಹಾಕ್ಕೊಂಡು ಏನ್ಮಾಡ್ತಾರೆ ಅಂತ ಕೆಳಗೆ ಬ್ಯಾನರ್ ಮಡಚ್ತಾ ಇರೋ ನಮಗೆ ಗೊತ್ತಿಲ್ವಾ? ಅದರ ಸ್ಕ್ರೀನ್‌ಶಾಟ್ ಯಾವತ್ತೂ ಯಾರೂ ಹಾಕಲಿಲ್ಲ. ನಾನೂ ಹಾಕಲ್ಲ.

ಇನ್ನು ರಾಗಿದು. ಅದನ್ನೇ ನಾನು ಮಗ್‌ನಲ್ಲಿ ತರಿಸ್ಕೊಂಡಿದ್ದು. ಕೆಂಪು ಮಣ್ಣಿನ ಬಣ್ಣ, ಮೇಲೆ ತೆಳು ನೊರೆ. ಮೊದಲ ಗುಟುಕಲ್ಲಿ ಏನೂ ಗೊತ್ತಾಗಲಿಲ್ಲ. ನುಂಗಿದ ಮೇಲೆ, ಬಾಣಲೆಯಲ್ಲಿ ಮೊಳಕೆ ರಾಗಿ ಹುರಿಯುವಾಗ ಬರುತ್ತಲ್ಲ, ಆ ಘಮ. ಹುಡುಗನ್ನ ಕರೆದು ಹೆಂಗೆ ಮಾಡ್ತೀರಿ ಅಂದೆ. ಅವನು ಬ್ರೂ ಮಾಡೋರನ್ನೇ ಕಳಿಸಿದ. ಪಾಪ, ತುಂಬಾ ಒಳ್ಳೆಯವರು, ಕೂತು ಹೇಳಿದರು. ಕಾಳು ನೆನೆಸೋದು, ಮೊಳಕೆ ಬರಿಸೋದು, ಒಣಗಿಸೋದು, ಇದಕ್ಕೇ ಮಾಲ್ಟಿಂಗ್ ಅನ್ನೋದು. ಆಮೇಲೆ ಒಡೆದು ಬಿಸಿನೀರಲ್ಲಿ ಇಟ್ಟರೆ ಹಿಟ್ಟು ಸಕ್ಕರೆ ಆಗುತ್ತೆ, ಸೋಸಿ ಕುದಿಸಿ ಹಾಪ್ಸ್ ಹಾಕಿ ಆರಿಸಿ ಯೀಸ್ಟ್ ಬಿಡೋದು. ಪೂರ್ತಿ ರಾಗಿದೇ ಮಾಡೋಕಾಗಲ್ಲ ಮೇಡಂ, ಬಾರ್ಲಿಗೆ ಹೊಟ್ಟು ಇರುತ್ತೆ, ಅದೇ ಸೋಸೋ ಜರಡಿ. ರಾಗಿ ಸಣ್ಣ ಕಾಳು, ಹೊಟ್ಟಿಲ್ಲ, ಕಟ್ಕೊಳ್ಳುತ್ತೆ. ಅದಕ್ಕೆ ಮೂರರಲ್ಲಿ ಒಂದು ಪಾಲು ರಾಗಿ ಅಂದರು. ಸಿಕ್ಕಿಂ, ನೇಪಾಳದ ಕಡೆ ಬರೀ ರಾಗಿಯದ್ದೇ ತೊಂಗ್ಬಾ ಮಾಡ್ತಾರೆ, ಬಿದಿರಿನ ಪಾತ್ರೆಗೆ ಬಿಸಿನೀರು ಹಾಕಿ ಕೊಳವೆಯಲ್ಲಿ ಹೀರ್ತಾರೆ ಅಂತಾನೂ ಹೇಳಿದರು.

ನೆನೆಸೋದು, ಮೊಳಕೆ ಕಟ್ಟೋದು, ಒಣಗಿಸೋದು. ನಮ್ಮಮ್ಮ ನಮಗೆಲ್ಲ ರಾಗಿ ಮಾಲ್ಟ್ ಮಾಡಿ ಕುಡಿಸಿದ್ದೂ ಹಿಂಗೇ ಅಲ್ವಾ.

ಕ್ಲರ್ಕ್ ನಾನು, ಲೆಕ್ಕ ಬಿಡಲ್ಲ. ಒಂದು ಲೀಟರ್ ಬಿಯರ್‌ಗೆ ಹೆಚ್ಚುಕಡಿಮೆ 200 ಗ್ರಾಂ ಕಾಳು ಬೇಕಂತೆ. ಅರ್ಧ ಲೀಟರ್ ಮಗ್‌ಗೆ 100 ಗ್ರಾಂ, ಅದರಲ್ಲಿ ರಾಗಿ 35 ಗ್ರಾಂ ಅಂದ್ಕೊಳ್ಳಿ. 2024-25ಕ್ಕೆ ಕೇಂದ್ರ ಘೋಷಿಸಿರೋ ರಾಗಿ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ. ಅಂದರೆ ಆ ಮಗ್ಗಲ್ಲಿದ್ದ ರಾಗಿಗೆ ಒಂದೂವರೆ ರೂಪಾಯಿ. ಮಗ್‌ಗೆ ನಾವು ಕೊಟ್ಟದ್ದು 425. ತೆರಿಗೆ ಇದೆ, ಬಾಡಿಗೆ ಇದೆ, ಸಂಬಳ ಇದೆ, ಆ ಮನುಷ್ಯನ ವಿದ್ಯೆ ಇದೆ, ಒಪ್ಪಿದೆ. ಆದರೂ ಊರಲ್ಲಿ ಒಂದೆಕರೆ ರಾಗಿ ಬೆಳೆಯೋ ನನ್ನ ತಮ್ಮ ಬೆಂಬಲ ಬೆಲೆ ಕ್ಯೂನಲ್ಲಿ ನಿಲ್ಲೋಕಾಗದೆ ಹೋದ ವರ್ಷ ದಲ್ಲಾಳಿಗೆ ಸುರಿದು ಬಂದ. ಅವನಿಗೆ ಈ ಲೆಕ್ಕ ಫೋನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಅವರಿಗೆ ಎಷ್ಟು ಮೂಟೆ ಬೇಕಂತೆ ಕೇಳು ಅಂದ. ಕೇಳಿದೀನಿ. ಉತ್ತರ ಬಂದಿಲ್ಲ.

ಸ್ಕ್ರೀನ್‌ಶಾಟ್ ಅಮ್ಮನ ತನಕ ಹೋಗೋ ಮೊದಲು ನಾನೇ ಹೇಳಬೇಕು ಅಂತ ಭಾನುವಾರ ಮಧ್ಯಾಹ್ನ ಹೇಳಿದೆ. ಅಮ್ಮ ಅವರೆಕಾಳು ಸುಲೀತಾ ಇದ್ದರು, ಬಲಗೈಯಲ್ಲೇ. ತಲೆ ಎತ್ತಲಿಲ್ಲ. ನಿಮ್ಮಪ್ಪನ್ನ ನೋಡಿದ್ದು ಸಾಲದಾ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿ ಹೆಂಡದ ವಾಸನೆ ಬಂತಮ್ಮ ಅಂದೆ, ಅದಕ್ಕೂ ಮಾತಿಲ್ಲ. ರಾಗಿ ಮೊಳಕೆ ಕಟ್ಟಿ ಬಿಯರ್ ಮಾಡಿದ್ದಾರೆ ಅಂದಾಗ ಮಾತ್ರ ಕೈ ನಿಂತಿತು.

'ಮೊಳಕೆ ಎಷ್ಟು ದಿನ ಬಿಟ್ಟಿದ್ದರಂತೆ?'

ಗೊತ್ತಿಲ್ಲಮ್ಮ, ಕೇಳಲಿಲ್ಲ ಅಂದೆ.

'ಜಾಸ್ತಿ ಬಿಟ್ರೆ ಕಹಿಯಾಗುತ್ತೆ' ಅಂದು ಮತ್ತೆ ಕಾಳು ಸುಲಿಯೋಕೆ ಶುರು ಮಾಡಿದರು. ರಾತ್ರಿ ತನಕ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಮಾತ್ರ ಕರೆದರು.

ಕಮೆಂಟಲ್ಲಿ ಬೈಯೋರು ನನ್ನನ್ನ ಬೈಯಿರಿ. ನಮ್ಮ ಹುಡುಗಿಯ ಅಕೌಂಟಿಗೆ ಹೋಗಬೇಡಿ, ಅವಳು ಆ ಫೋಟೋ ತೆಗೀತೀನಿ ಅಂದ್ಲು, ನಾನೇ ಬೇಡ ಅಂದಿದೀನಿ.