ನೇತ್ರಾಣಿಯ ಹಾದಿಯಲ್ಲಿ ದಾನದ ಮಾತು

ಮುರುಡೇಶ್ವರಕ್ಕೆ ನಾವು ಹೋದುದು ಇದೇ ಮೊದಲಲ್ಲ. 123 ಅಡಿ ಎತ್ತರದ ಶಿವಮೂರ್ತಿಯ ಪಾದದ ಬಳಿ ನಿಂತು ಹಲವು ಸಲ ಕಡಲನ್ನು ನೋಡಿದ್ದೇವೆ. ಆದರೆ ಆ ಕಡಲಿನೊಳಗೆ ಹೋಗಿ, ಅಲ್ಲಿಂದ ಶಿವನನ್ನು ಹಿಂದಿರುಗಿ ನೋಡುವ ಯೋಗ ಒದಗಿದ್ದು 2025ರ ಜನವರಿಯಲ್ಲಿ. ನಮ್ಮ ಶಾಲೆಯಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತರುಣನೊಬ್ಬನು, ತನ್ನ ಗೆಳೆಯರೊಡನೆ ನೇತ್ರಾಣಿ ದ್ವೀಪದ ಬಳಿ ನೀರಿನಲ್ಲಿ ಮುಳುಗಲು ಹೋಗುವುದಾಗಿಯೂ, ದೋಣಿಯಲ್ಲಿ ನಮಗೂ ಸ್ಥಳವಿರುವುದಾಗಿಯೂ ತಿಳಿಸಿದನು. ಕಾಸರಗೋಡಿನಿಂದ ಹೊರಟ ನಾವು ನಾಲ್ವರು ಅಧ್ಯಾಪಕರು ಮಂಗಳೂರಿನಲ್ಲಿ ಗಾಡಿ ಬದಲಿಸಿ, ಕೊಂಕಣ ರೈಲಿನಲ್ಲಿ ಮುರುಡೇಶ್ವರವನ್ನು ಸೇರಿದೆವು.

ನೇತ್ರಾಣಿಯು ಕರೆಯಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ಪಾರಿವಾಳದ ದ್ವೀಪವೆಂದೂ ಇದಕ್ಕೆ ಹೆಸರುಂಟು. ಬೆಳಗಿನ ಕಡಲು ಶಾಂತವಾಗಿತ್ತು. ಹಿಂದೆ ಮೂರ್ತಿಯೂ ರಾಜಗೋಪುರವೂ ಕಿರಿದಾಗುತ್ತಾ ಕೊನೆಗೆ ಎರಡು ಬೆರಳುಗಳಂತೆ ಕಂಡವು. ಮುಂದೆ ಹಸುರು ಹೊದ್ದ ಬಂಡೆಯೊಂದು ನೀರಿನಿಂದ ನೆಟ್ಟಗೆ ಎದ್ದು ನಿಂತಿತ್ತು. ಇಳಿಯಲು ಮರಳದಂಡೆಯಿಲ್ಲ, ಸುತ್ತಲೂ ಕಡಿದಾದ ಕಲ್ಲು. ಬಿಳಿಯ ಎದೆಯ ಕಡಲಹದ್ದುಗಳು ಅದರ ಮೇಲೆ ಸುತ್ತುತ್ತಿದ್ದವು.

ದೋಣಿ ನಿಂತಾಗ ತರುಣರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡರು. ಈ ಸಾಧನವನ್ನು ಈಗಿನ ರೂಪಕ್ಕೆ ತಂದವರು 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ಎಂಬ ಇಬ್ಬರು. ಉಸಿರೆಳೆದಾಗ ಮಾತ್ರ, ನೀರಿನ ಒತ್ತಡಕ್ಕೆ ಸಮನಾಗಿ ಗಾಳಿಯನ್ನು ಬಿಡುವ ಕವಾಟವೇ ಅದರ ಮರ್ಮ. ಸ್ಕೂಬಾ ಎಂಬ ಹೆಸರಿನಿಂದ ಅದು ಇಂದು ಜಗತ್ತಿನಲ್ಲೆಲ್ಲ ಪರಿಚಿತ. ನಮ್ಮಲ್ಲಿ ಕಿರಿಯರೊಬ್ಬರು ಶಿಕ್ಷಕನ ಕೈ ಹಿಡಿದು ಕೆಳಗಿಳಿದರು. ಉಳಿದ ನಾವು ಕನ್ನಡಕ ತೊಟ್ಟು, ದೋಣಿಯ ಹಗ್ಗ ಹಿಡಿದು ಮುಖವನ್ನಷ್ಟೇ ನೀರಿಗೆ ಕೊಟ್ಟೆವು. ಅಷ್ಟೇ ಸಾಕಾಯಿತು. ಕಂದು, ಹಳದಿ ಬಣ್ಣದ ಹವಳಗಳು ಬಂಡೆಗೆ ಅಂಟಿ ಬೆಳೆದಿದ್ದವು. ಗಿಳಿಮೀನುಗಳೂ ಚಿಟ್ಟೆಮೀನುಗಳೂ ದನಗಳ ಹಿಂಡಿನಂತೆ ಮೇಯುತ್ತಿದ್ದವು. ಐವತ್ತು ವರ್ಷ ಕಡಲ ಬದಿಯಲ್ಲೇ ಬದುಕಿ ನಾವು ಕಡಲನ್ನು ನೋಡಿರಲೇ ಇಲ್ಲವಲ್ಲ ಎಂದು ನಾಚಿಕೆಯಾಯಿತು.

ಮುಕ್ಕಾಲು ಗಂಟೆಯ ಬಳಿಕ ಮುಳುಗಿದವರು ಮೇಲೆ ಬಂದರು. ಅವರ ಕೈಯಲ್ಲಿ ಮೀನಿರಲಿಲ್ಲ; ಹರಿದ ನೈಲಾನ್ ಬಲೆಯ ದೊಡ್ಡ ಮುದ್ದೆಯೊಂದಿತ್ತು. ಹಿಂದಿನ ಹತ್ತಿಯ ಬಲೆ ಕಡಲಿನಲ್ಲಿ ಕೊಳೆತು ಹೋಗುತ್ತಿತ್ತು. ನೈಲಾನ್ ಕೊಳೆಯದು. ಒಡೆಯನಿಲ್ಲದೆಯೂ ಅದು ವರ್ಷಗಟ್ಟಲೆ ಮೀನು ಹಿಡಿಯುತ್ತಲೇ ಇರುತ್ತದೆ, ಹವಳವನ್ನು ಉಜ್ಜಿ ಮುರಿಯುತ್ತದೆ.

ಊಟದ ಹೊತ್ತಿಗೆ ಅವರಲ್ಲಿ ಒಂದು ಚರ್ಚೆ ಆರಂಭವಾಯಿತು. ಪ್ರತಿಯೊಬ್ಬರೂ ಒಂದೊಂದು ಸಲ ಮುಳುಗಿದಾಗಲೂ ಇಂತಿಷ್ಟು ಹಣವನ್ನು ತೆಗೆದಿಡುತ್ತಾರಂತೆ. ವರ್ಷಕ್ಕೊಮ್ಮೆ ಅದನ್ನು ಕಡಲಿನ ಹಿತಕ್ಕಾಗಿ ದುಡಿಯುವ ಸಂಸ್ಥೆಗಳಿಗೆ ಕೊಡುವುದು ಅವರ ನಿಯಮ. ಯಾರಿಗೆ ಕೊಡಬೇಕೆಂಬುದೇ ಅಂದಿನ ಪ್ರಶ್ನೆ.

ನಾವು ಕಿವಿ ನಿಮಿರಿಸಿ ಕುಳಿತೆವು. ಅದಕ್ಕೊಂದು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮಕ್ಕಳು ರಜೆಯಲ್ಲಿ ಗೇರುಬೀಜ ಹೆಕ್ಕಿ ಮಾರಿ ಕೂಡಿಸಿದ ಹಣವನ್ನು, ಒಳ್ಳೆಯ ಚಿತ್ರಗಳಿದ್ದ ಕರಪತ್ರವೊಂದನ್ನು ನಂಬಿ, ದೂರದ ಸಂಸ್ಥೆಯೊಂದಕ್ಕೆ ಕಳುಹಿಸಿದ್ದೆವು. ರಶೀದಿ ಬಂದಿತು; ಬೇರೇನೂ ಬರಲಿಲ್ಲ. ಮರುವರ್ಷ ಐದನೆಯ ತರಗತಿಯ ಹುಡುಗಿಯೊಬ್ಬಳು, “ಮಾಷ್ಟ್ರೇ, ನಮ್ಮ ಹಣದಲ್ಲಿ ಏನು ಮಾಡಿದರು?” ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಮೇಲೆ ಶಾಲೆಯಲ್ಲಿ ಗೇರುಬೀಜದ ನಿಧಿಯೇ ನಿಂತುಹೋಯಿತು.

ತರುಣರ ಮಾತಿಗೆ ಬರೋಣ. ಒಬ್ಬನು ಕಡಲ ಕಸ ತೆಗೆಯುವವರಿಗೇ ಕೊಡಬೇಕೆಂದನು. ಮುಳುಗುಗಾರರು ತೆಗೆದ ಕಸವನ್ನು ಬಗೆಬಗೆಯಾಗಿ ಎಣಿಸಿ ಲೆಕ್ಕ ಬರೆಯುವ ಕಾರ್ಯವನ್ನು ಪ್ರಾಜೆಕ್ಟ್ ಅವೇರ್ ಎಂಬ ಸಂಸ್ಥೆಯು 2011ರಿಂದ ಅನೇಕ ದೇಶಗಳಲ್ಲಿ ನಡೆಸಿಕೊಂಡು ಬಂದಿದೆ. ಈಗ ಅದರ ಹೆಸರು ಪ್ಯಾಡಿ ಅವೇರ್. ಇನ್ನೊಬ್ಬಳಿಗೆ ಹವಳ ನೆಡುವವರ ಮೇಲೆ ಒಲವು. ಮುರಿದ ತುಂಡುಗಳನ್ನು ಕಬ್ಬಿಣದ ಚೌಕಟ್ಟಿಗೆ ಕಟ್ಟಿ ಸಸಿಯಂತೆ ಬೆಳೆಸುತ್ತಾರೆ. ಚಿತ್ರ ನೋಡಲು ಬಹಳ ಚೆಂದ. ಅದಕ್ಕೆ ನಮ್ಮ ಹಳೆಯ ವಿದ್ಯಾರ್ಥಿಯು, “ನೆಟ್ಟದ್ದು ಮುಂದಿನ ಬೇಸಿಗೆಗೆ ಉಳಿಯಿತೇ ಎಂದು ಅವರು ಹೇಳುತ್ತಾರೆಯೇ?” ಎಂದು ಕೇಳಿದನು.

ಆ ಪ್ರಶ್ನೆಯಲ್ಲಿ ಹುರುಳಿತ್ತು. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಅದಕ್ಕೆ ಬಣ್ಣವನ್ನೂ ಬಹುಪಾಲು ಆಹಾರವನ್ನೂ ಕೊಡುವವು ಅವೇ. ಬೇಸಿಗೆಯ ಶಾಖಕ್ಕಿಂತ ನೀರು ಒಂದೇ ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೆಯೇ ಇದ್ದರೆ ಪಾಚಿ ಹೊರಬೀಳುತ್ತದೆ, ಹವಳ ಬಿಳುಚಿಕೊಳ್ಳುತ್ತದೆ. ಶಾಖ ಇಳಿಯದಿದ್ದರೆ ಸಾಯುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ನರಳಿದವು. 2024ರಲ್ಲಿ ಮತ್ತೆ ನರಳಿದವು. ಕಾದ ನೀರಿಗೆ ನೆಟ್ಟ ಹವಳವೂ ತಾನೇ ಬೆಳೆದ ಹವಳವೂ ಒಂದೇ.

ಇವೆಲ್ಲ ನಮಗೆ ತಿಳಿದುಬಂದದ್ದಾದರೂ ಹೇಗೆ? ಯಾರೋ ವರ್ಷ ವರ್ಷವೂ ಅದೇ ಬಂಡೆಗೆ ಮರಳಿ ಹೋಗಿ ಅಳೆದುದರಿಂದ. ಮೈಸೂರಿನಲ್ಲಿ 1996ರಲ್ಲಿ ಸ್ಥಾಪನೆಯಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ವಿಜ್ಞಾನಿಗಳು 1998ರಿಂದ ಲಕ್ಷದ್ವೀಪದಲ್ಲಿ ಈ ಕೆಲಸ ಮಾಡುತ್ತಿದ್ದಾರೆ. ಇಪ್ಪತ್ನಾಲ್ಕು ವರ್ಷಗಳಲ್ಲಿ ಅಲ್ಲಿಯ ಜೀವಂತ ಹವಳವು ಸುಮಾರು ಅರ್ಧಕ್ಕೆ ಇಳಿದಿದೆ ಎಂಬ ಕಹಿ ಸತ್ಯವನ್ನು ಕಂಡುಹಿಡಿದವರು ಅವರೇ. 1996ರಲ್ಲೇ ಆರಂಭವಾದ ರೀಫ್ ಚೆಕ್ ಎಂಬುದು ಸಾಮಾನ್ಯ ಮುಳುಗುಗಾರರಿಗೇ ತರಬೇತಿ ಕೊಟ್ಟು, ನೀರಿನಡಿ ಅಳತೆಪಟ್ಟಿ ಎಳೆದು ಹವಳವನ್ನೂ ಮೀನನ್ನೂ ಎಣಿಸಲು ಕಲಿಸುತ್ತದೆ. ಇಂಥ ಕೆಲಸಕ್ಕೆ ಚೆಂದದ ಚಿತ್ರವಿಲ್ಲ. ಹಾಜರಿ ಪುಸ್ತಕದ ಚಿತ್ರವನ್ನು ಯಾರು ತೆಗೆಯುತ್ತಾರೆ? ಆದರೂ ಹಾಜರಿಯಿಲ್ಲದೆ ಶಾಲೆ ನಡೆಯದೆಂಬುದನ್ನು ನಾವು ಬಲ್ಲೆವು.

ಇಷ್ಟರಲ್ಲಿ, ಸುಮ್ಮನೆ ಕೇಳುತ್ತಿದ್ದ ದೋಣಿಯ ಹಿರಿಯರು ದ್ವೀಪದತ್ತ ಕೈ ತೋರಿಸಿದರು. ಈ ತೀರದ ಜನರು, ಹಿಂದೂ ಮುಸಲ್ಮಾನ ಕ್ರೈಸ್ತರೆಂಬ ಭೇದವಿಲ್ಲದೆ, ಇಲ್ಲಿಗೆ ಹರಕೆ ಹೇಳಿಕೊಂಡು ಆಡುಗಳನ್ನು ತಂದು ಜೀವಸಹಿತ ಬಿಟ್ಟುಹೋಗುವ ರೂಢಿ ಹಿಂದಿನಿಂದ ಬಂದದ್ದಂತೆ. “ಕೊಟ್ಟವರ ಭಕ್ತಿಯಲ್ಲಿ ಏನೂ ಕಡಿಮೆಯಿಲ್ಲ. ಆದರೆ ಆಡು ಮುಟ್ಟದ ಸೊಪ್ಪುಂಟೇ? ಗುಡ್ಡದ ಗತಿ ಏನೆಂದು ಬಿಟ್ಟುಹೋದವರು ಬಂದು ನೋಡುವುದಿಲ್ಲ” ಎಂದರು. ಸ್ವಲ್ಪ ತಡೆದು, “ಬಲೆ ತೆಗೆಯುತ್ತೀರಿ, ಸಂತೋಷ. ಹರಿದ ಬಲೆಯನ್ನು ದಡದಲ್ಲಿ ಕೊಂಡುಕೊಳ್ಳುವವರಿದ್ದರೆ ಅದು ನೀರಿಗೆ ಬೀಳುವುದೇ ಕಡಿಮೆಯಾದೀತು. ನಮ್ಮನ್ನು ಯಾರೂ ಕೇಳಲಿಲ್ಲ” ಎಂದೂ ಸೇರಿಸಿದರು.

ದೋಣಿಯಲ್ಲಿ ಕೆಲಕಾಲ ಯಾರೂ ಮಾತನಾಡಲಿಲ್ಲ. ಬಳಿಕ ನಡೆದ ತೀರ್ಮಾನವು ಹೀಗಿತ್ತು. ಒಂದು ಪಾಲು, ಲಕ್ಷದ್ವೀಪದ ಹವಳವನ್ನು ಅಳೆಯುವವರಿಗೆ. ಇನ್ನೊಂದು ಪಾಲು, ಹರಿದ ಬಲೆಗಳನ್ನು ದಡದಲ್ಲೇ ಕೂಡಿಸುವ ಪ್ರಯತ್ನಕ್ಕೆ. ಅದನ್ನು ಹೇಗೆ ನಡೆಸಬೇಕೆಂದು ಮೀನುಗಾರರೇ ಹೇಳಬೇಕು. ಮೂರನೆಯ ಪಾಲನ್ನು ಸದ್ಯಕ್ಕೆ ಯಾರಿಗೂ ಕೊಡುವುದಿಲ್ಲ. ಹವಳ ನೆಡುವ ಸಂಸ್ಥೆಗೆ ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸುವುದು: ಕಳೆದ ವರ್ಷ ನೆಟ್ಟವುಗಳಲ್ಲಿ ಎಷ್ಟು ಬದುಕಿವೆ? ಆ ಊರಿನವರಲ್ಲಿ ಎಷ್ಟು ಮಂದಿ ನಿಮ್ಮ ಕೆಲಸದಲ್ಲಿದ್ದಾರೆ? ಖರ್ಚಿನ ಲೆಕ್ಕವನ್ನು ಎಲ್ಲಿ ನೋಡಬಹುದು? ನೇರವಾದ ಉತ್ತರ ಬಂದರೆ ಆ ಪಾಲು ಅವರಿಗೇ. ಹವಳದ ಪಕ್ಷ ವಹಿಸಿದ್ದ ಹುಡುಗಿಯೂ ಇದಕ್ಕೆ ಒಪ್ಪಿದಳು. ಪತ್ರ ಬರೆಯುವ ಹೊಣೆ ಅವಳದೇ ಆಯಿತು.

ಹಿಂದಿರುಗುವಾಗ ಗಾಳಿ ಎದ್ದಿತು. ಬಲೆಯ ಮುದ್ದೆ ನಮ್ಮ ಕಾಲ ಬಳಿ ಬಿದ್ದು ವಾಸನೆ ಬೀರುತ್ತಿತ್ತು. ಕೊಟ್ಟ ಮೇಲೆ ಕೇಳುವುದು ಸಣ್ಣತನವೆಂದು ನಾವು ಇಷ್ಟು ಕಾಲ ತಿಳಿದಿದ್ದೆವು. ಆ ಐದನೆಯ ತರಗತಿಯ ಮಗುವಿನ ಪ್ರಶ್ನೆಯನ್ನು ಆಗಲೇ ಕಾಗದದ ಮೇಲೆ ಬರೆದು ಆ ಸಂಸ್ಥೆಗೆ ಕಳುಹಿಸಿದ್ದರೆ, ಮಕ್ಕಳ ನಿಧಿ ನಿಲ್ಲುತ್ತಿರಲಿಲ್ಲವೇನೋ.

ಊರಿಗೆ ಬಂದಾಗ ಗೇರುಮರಗಳು ಹೂ ಬಿಟ್ಟಿದ್ದವು. ಆ ಬೇಸಿಗೆಯಲ್ಲಿ ನಿಧಿಯನ್ನು ಮತ್ತೆ ಆರಂಭಿಸಿದೆವು. ಯಾರಿಗೆ ಕೊಡಬೇಕೆಂಬುದನ್ನು ಮಕ್ಕಳೇ ಕುಳಿತು ಚರ್ಚಿಸಿದರು. ಆ ಮೂರು ಪ್ರಶ್ನೆಗಳನ್ನು ತಮಗೆ ಬೇಕಾದಂತೆ ತಿದ್ದಿ ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟರು. ಹಲಗೆ ಒರೆಸುವಾಗ ಆ ಮೂಲೆಯನ್ನು ಮಾತ್ರ ಯಾರೂ ಒರೆಸುವುದಿಲ್ಲ.