ಸೂರಿನ ಪಾಲು

ನಮ್ಮ ಸಂಘದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ಗಡಿನಾಡಿನ ಜಾನಪದದ ಬಗ್ಗೆಯೋ ನನ್ನ ಹುಟ್ಟೂರು ಸೊರಡಿಯ ಬಾಲ್ಯದ ಬಗ್ಗೆಯೋ ಬರೆಯೋಣವೆಂದುಕೊಂಡಿದ್ದೆ. ಬರೆಯಲು ಕುಳಿತಾಗ ಕೆಲವು ವರ್ಷಗಳ ಹಿಂದೆ ನಾನು ಮಾಡಿದ ಒಂದು ಸಹಿ ಕಣ್ಣ ಮುಂದೆ ಬಂದು ನಿಂತಿತು. ಅದನ್ನು ಈವರೆಗೆ ಯಾರೆದುರೂ ಹೇಳಿಲ್ಲ. ಮುಂದೆ ಹೇಳಲಿರುವ ವಿಚಾರಕ್ಕೆ ಅದೇ ಮೂಲವಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಜತ್ತ ತಾಲೂಕಿನ ಅನೇಕರಂತೆ ನಾನೂ ಹೊಟ್ಟೆಪಾಡಿಗಾಗಿ ಊರು ಬಿಟ್ಟವನು. ಕೃಷ್ಣೆಯ ದಂಡೆಯ ಮೇಲಿನ, ಸಕ್ಕರೆ ಕಾರ್ಖಾನೆಯಿರುವ ಒಂದು ಊರಿನಲ್ಲಿ ಶಿಕ್ಷಕನಾದೆ. ಅಲ್ಲಿಯೇ ಸಾಲ ಮಾಡಿ ಮನೆ ಕಟ್ಟಿಸಿದೆ. ನಮ್ಮ ಬಡಾವಣೆಯ ಕೊನೆಯಲ್ಲಿ ಒಂದು ಖಾಲಿ ಜಾಗವಿತ್ತು. 2018ರ ನವೆಂಬರಿನಲ್ಲಿ, ಕಬ್ಬು ನುರಿಸುವ ಹಂಗಾಮು ಆರಂಭವಾದ ವಾರ, ಅಲ್ಲಿ ಹತ್ತು ಹನ್ನೆರಡು ಗುಡಿಸಲುಗಳು ಎದ್ದವು. ಬಿದಿರಿನ ಗಳ, ಕಬ್ಬಿನ ರವದಿ, ಮೇಲೊಂದು ಹರಕು ತಾಡಪತ್ರಿ. ಕಬ್ಬು ಕಡಿಯಲು ಬಂದ ಕುಟುಂಬಗಳು ಅವು.

ಬಡಾವಣೆಯವರೆಲ್ಲ ಒಂದು ಸಂಜೆ ಸೇರಿದೆವು. ಇವರು ಬಯಲಿಗೆ ಹೋಗುತ್ತಾರೆ, ನಮ್ಮ ನಳದ ನೀರು ಒಯ್ಯುತ್ತಾರೆ, ನಾಳೆ ಈ ಜಾಗ ಬಿಟ್ಟು ಏಳದಿದ್ದರೆ ಏನು ಗತಿ ಎಂದು ಒಬ್ಬೊಬ್ಬರೂ ಹೇಳಿದರು. ಅವರಲ್ಲಿ ಯಾರೂ ಕೆಟ್ಟವರಲ್ಲ. ಗುಡಿಸಲುಗಳನ್ನು ತೆರವುಗೊಳಿಸುವಂತೆ ಅರ್ಜಿ ಕೊಡುವುದೆಂದು ನಿಶ್ಚಯವಾಯಿತು. ಮಾಸ್ತರರ ಅಕ್ಷರ ಚೆನ್ನಾಗಿದೆ ಎಂದು ಅರ್ಜಿ ಬರೆಯುವ ಕೆಲಸ ನನಗೇ ಬಂತು. ಮರಾಠಿಯಲ್ಲಿ ಚೊಕ್ಕವಾಗಿ ಬರೆದು, ಮೊದಲ ಸಹಿಯನ್ನು ನಾನೇ ಮಾಡಿದೆ.

ಮೂರನೆಯ ದಿನ ನಸುಕಿನಲ್ಲಿ ಒಬ್ಬ ಹೆಣ್ಣುಮಗಳು ಕೊಡ ಹಿಡಿದು ನಮ್ಮ ಅಂಗಳದ ಬಾಗಿಲಲ್ಲಿ ನಿಂತಿದ್ದಳು. ಒಳಗೆ ನಾನು ಮಡದಿಯೊಡನೆ ಆಡುತ್ತಿದ್ದ ಮಾತು ಅವಳ ಕಿವಿಗೆ ಬಿದ್ದಿರಬೇಕು.

“ಯಣ್ಣಾ, ನೀವು ನಮ್ಮ ಕಡಿಯವರೇನ್ರಿ? ನಮ್ಮದು ಜತ್ತ ತಾಲೂಕ್ರಿ,” ಎಂದಳು.

ಸೊರಡಿ ಎಂದೆ. ಅವಳ ಮುಖ ಅರಳಿತು. ಅವಳ ಊರು ನಮ್ಮೂರಿಗೆ ದೂರವಿರಲಿಲ್ಲ. ಆ ವರ್ಷ ಮಳೆ ಕೈಕೊಟ್ಟಿತ್ತು. ಇದ್ದ ಎರಡೆಕರೆಯಲ್ಲಿ ಜೋಳ ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ. ಮುಂಗಡ ಹಣ ಪಡೆದು, ಮನೆಗೆ ಬೀಗ ಹಾಕಿ, ಮುದುಕಿ ಅತ್ತೆಯನ್ನು ನೆರೆಯವರಿಗೆ ಒಪ್ಪಿಸಿ ಬಂದಿದ್ದರು. ಕೊಡ ತುಂಬಿಕೊಂಡು ಹೋಗುವಾಗ ಹಿಂದಿರುಗಿ ಕೇಳಿದಳು: “ನಮ್ಮನ್ನ ಇಲ್ಲಿಂದ ಎಬ್ಬಸ್ತಾರಂತ, ಖರೇ ಏನ್ರಿ?”

ನನಗೆ ಗೊತ್ತಿಲ್ಲವೆಂದೆ.

ಸೊರಡಿಯಲ್ಲಿ ಹುಟ್ಟಿದವನು ಇಂಥ ಮಾತು ಆಡಬಾರದಿತ್ತು. 1972ರ ಬರಗಾಲದಲ್ಲಿ ನನಗೆ ಒಂಬತ್ತು ವರ್ಷ. ಅಪ್ಪ ಮೊದಲು ಹಮಾಲಿ ಕೆಲಸ ಹುಡುಕಿಕೊಂಡು ಮಿರಜಕ್ಕೆ ಹೋದರು. ಎರಡು ತಿಂಗಳು ರೈಲು ನಿಲ್ದಾಣದ ಹೊರಗೆ ಗೋಣಿಚೀಲ ಹಾಸಿಕೊಂಡು ಮಲಗಿದರು. “ನನ್ನನ್ನ ಯಾರೂ ಎಬ್ಬಸಲಿಲ್ಲ” ಎಂದು ಅವರು ಕೊನೆಯವರೆಗೂ ಕೃತಜ್ಞತೆಯಿಂದ ನೆನೆಯುತ್ತಿದ್ದರು. ಆಮೇಲೆ ಸರ್ಕಾರದ ಬರಪರಿಹಾರ ಕಾಮಗಾರಿ ನಮ್ಮ ಕಡೆಗೂ ಬಂತು. ಅಪ್ಪ ಅವ್ವ ಇಬ್ಬರೂ ರಸ್ತೆಗೆ ಕಲ್ಲು ಒಡೆದರು. ಹೊರದೇಶದಿಂದ ಬಂದ ಕೆಂಪು ಮಿಲೊ ಜೋಳದ ರೊಟ್ಟಿಯನ್ನೂ ಕೆಲಸದ ಜಾಗದಲ್ಲಿ ಕೊಡುತ್ತಿದ್ದ ಸುಕಡಿಯನ್ನೂ ತಿಂದು ನಾವು ಬದುಕಿದೆವು. 1973ರ ಮೇ ತಿಂಗಳ ಹೊತ್ತಿಗೆ ಮಹಾರಾಷ್ಟ್ರದಾದ್ಯಂತ ಸುಮಾರು 50 ಲಕ್ಷ ಜನ ಇಂಥ ಕಾಮಗಾರಿಗಳಲ್ಲಿ ದುಡಿಯುತ್ತಿದ್ದರು. ಆ ಕೆಲಸ ಇರದಿದ್ದರೆ ನಮ್ಮ ಮನೆಗೂ ಬೀಗ ಬೀಳುತ್ತಿತ್ತು.

ಆ ಕೂಲಿಗೆ ಹಣ ಎಲ್ಲಿಂದ ಬಂತೆಂಬುದನ್ನು ನಾನು ಬಹಳ ವರ್ಷಗಳ ನಂತರ ಓದಿ ತಿಳಿದೆ. ಬೇಡಿದವರಿಗೆ ಕೆಲಸ ಕೊಡುವುದು ಸರ್ಕಾರದ ಹೊಣೆ ಎಂಬ ವಿಚಾರವನ್ನು ಪಟ್ಟುಹಿಡಿದು ಮುಂದಿಟ್ಟವರು ನಮ್ಮ ಸಾಂಗಲಿ ಜಿಲ್ಲೆಯವರೇ ಆದ ವಿ.ಸ. ಪಾಗೆ ಅವರು. 1965ರಲ್ಲಿ ತಾಸಗಾಂವ ತಾಲೂಕಿನ ವಿಸಾಪುರದಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಅದೇ ಮುಂದೆ ರಾಜ್ಯದ ಉದ್ಯೋಗ ಖಾತರಿ ಯೋಜನೆಯಾಯಿತು. 1977ರಲ್ಲಿ ಕಾಯ್ದೆಯಾಗಿ 1979ರ ಜನವರಿ 26ರಿಂದ ಜಾರಿಗೆ ಬಂತು. 2005ರ ರಾಷ್ಟ್ರೀಯ ಉದ್ಯೋಗ ಖಾತರಿ ಕಾಯ್ದೆಗೂ ಅದೇ ಮಾದರಿ. ಇದರ ಖರ್ಚಿಗಾಗಿ 1975ರಲ್ಲಿ ವೃತ್ತಿ ತೆರಿಗೆಯನ್ನು ತಂದರು. ಮುಂಬಯಿ, ಪುಣೆಗಳ ಸಂಬಳದಾರರಿಂದಲೂ ವ್ಯಾಪಾರಸ್ಥರಿಂದಲೂ ಸ್ವಲ್ಪ ಸ್ವಲ್ಪ ಕೂಡಿಸಿ, ಅಷ್ಟೇ ಮೊತ್ತವನ್ನು ಸರ್ಕಾರವೂ ಸೇರಿಸಿ, ಬರದ ಹಳ್ಳಿಗಳ ಕೂಲಿಗೆ ಕೊಟ್ಟರು. ಮುಂದಿನ ಬರಗಳಲ್ಲಿ ಅಪ್ಪನ ಕೈಗೆ ಬಂದ ಕೂಲಿ ಅದು.

ಅದೇ ವೃತ್ತಿ ತೆರಿಗೆ ನನ್ನ ಸಂಬಳದಿಂದಲೂ ತಿಂಗಳಿಗೆ 200 ರೂಪಾಯಿಯಂತೆ, ಫೆಬ್ರವರಿಯಲ್ಲಿ 300ರಂತೆ ಕಡಿತವಾಗುತ್ತಿತ್ತು. ಸಂಬಳದ ಚೀಟಿ ನೋಡಿದಾಗಲೆಲ್ಲ ನಾನು ಗೊಣಗುತ್ತಿದ್ದೆ. ಮುಖ ಕಾಣದ ಯಾರೋ ಗೊಣಗಿಯೋ ಗೊಣಗದೆಯೋ ಕೊಟ್ಟ ಹಣದಿಂದ ಬೆಳೆದವನು ನಾನು ಎಂಬುದು ಹೊಳೆಯಲೇ ಇಲ್ಲ.

ಹಾಗೆಂದು ನಮ್ಮವರಿಗೆ ಕೊಡುವ ಗುಣವಿಲ್ಲವೆಂದಲ್ಲ. ನಮ್ಮ ತಾಲೂಕಿನ ಗುಡ್ಡಾಪುರದ ದಾನಮ್ಮದೇವಿಯನ್ನು ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ. ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮನಿಗೆ ಅವಳ ದಾಸೋಹವನ್ನು ಕಂಡು ಬಸವಣ್ಣನವರೇ ದಾನಮ್ಮನೆಂದು ಹೆಸರಿಟ್ಟರೆಂಬುದು ನಮ್ಮ ಕಡೆಯ ನಂಬಿಕೆ. ಕಾರ್ತಿಕದ ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಕರ್ನಾಟಕದಿಂದ ಭಕ್ತರು ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಅವರಿಗೆ ಊಟ, ನೀರು, ಮಲಗಲು ಜಾಗ. ಅರ್ಜಿ ಬರೆದ ವಾರವೇ ನಾನೂ ಪ್ರತಿವರ್ಷದಂತೆ ಆ ಯಾತ್ರಿಕರ ಊಟಕ್ಕೆಂದು ಒಂದು ಚೀಲ ಜೋಳ ಕಳುಹಿಸಿದ್ದೆ. ಜೋಳದ ಚೀಲ ಹೊರಿಸಿದ ಕೈಯೂ ಅರ್ಜಿಗೆ ಸಹಿ ಹಾಕಿದ ಕೈಯೂ ಒಂದೇ. ಎರಡೂ ಸರಿಯೆಂದೇ ನನಗಾಗ ಅನಿಸಿತ್ತು.

ಈ ಎರಡರ ನಡುವಿನ ಅಂತರವನ್ನು ಆಮೇಲೆ ಬಹಳ ಯೋಚಿಸಿದ್ದೇನೆ. ಯಾತ್ರಿಕ ಉಂಡು ಮಲಗಿ ಬೆಳಿಗ್ಗೆ ಎದ್ದು ಹೋಗುತ್ತಾನೆ. ಅನ್ನ ಒಂದು ಹೊತ್ತಿನದು. ಕೊಟ್ಟ ಪುಣ್ಯ ನಮ್ಮಲ್ಲಿ ಉಳಿಯುತ್ತದೆ, ಉಂಡವನು ಉಳಿಯುವುದಿಲ್ಲ. ಸೂರು ಹಾಗಲ್ಲ. ಸೂರು ಪಡೆದವನು ನಮ್ಮ ಪಕ್ಕದಲ್ಲಿಯೇ ಇರುತ್ತಾನೆ. ನಮ್ಮ ನೀರಿನಲ್ಲಿ, ರಸ್ತೆಯಲ್ಲಿ, ಶಾಲೆಯಲ್ಲಿ ಪಾಲು ಕೇಳುತ್ತಾನೆ. ಆದ್ದರಿಂದಲೇ ಹಸಿದವನನ್ನು ಕಂಡರೆ ಕರಗುವ ನಾವು ಮನೆಯಿಲ್ಲದವನನ್ನು ಕಂಡರೆ ಅಂಜುತ್ತೇವೆ. ದಾನ ದಾರಿಹೋಕನಿಗೆ ಸಾಕು; ಜೊತೆಗೆ ಇರುವವನಿಗೆ ಬೇಕಾದದ್ದು ಪಾಲು. ಶರಣರು ದಾಸೋಹವೆಂದಾಗ ಹೇಳಿದ್ದು ಈ ಪಾಲನ್ನೇ ಎಂದು ನಾನು ತಿಳಿದಿದ್ದೇನೆ.

ಪಾಲನ್ನು ಕೊಡುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರ ಬೆರಳೂ ಸರ್ಕಾರದ ಕಡೆಗೆ ತಿರುಗುತ್ತದೆ. ಸರ್ಕಾರ ಏನೂ ಮಾಡಿಲ್ಲವೆನ್ನಲಾಗದು. 2016ರಿಂದ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಒಂದು ಮನೆಗೆ 1.20 ಲಕ್ಷ ರೂಪಾಯಿ ಸಿಗುತ್ತದೆ. ಕೇಂದ್ರ 60, ರಾಜ್ಯ 40ರ ಪಾಲು. ಆದರೆ ಊರಲ್ಲಿ ಮನೆ ಎದ್ದರೂ ಮಳೆಯಿಲ್ಲದ ವರ್ಷ ಅದಕ್ಕೆ ಬೀಗವೇ. 2013ರ ನಗರ ಜೀವನೋಪಾಯ ಅಭಿಯಾನದಲ್ಲಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ತಂಗುವಷ್ಟು ಆಶ್ರಯ ಇರಬೇಕೆಂದು ಹೇಳಿದ್ದಾರೆ. ಅದು ಪಟ್ಟಣಗಳ ಮಾತು, ಕಬ್ಬಿನ ಗದ್ದೆಯ ಬದುವಿನದಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ ಮನೆಯಿಲ್ಲದವರು ಸುಮಾರು 17.7 ಲಕ್ಷ. ಆ ಎಣಿಕೆ ನಡೆದದ್ದು ಫೆಬ್ರವರಿ 28ರ ರಾತ್ರಿ, ಕಬ್ಬಿನ ಹಂಗಾಮು ನಡೆದಿರುವ ಕಾಲ. ತಲೆಯ ಮೇಲೆ ರವದಿಯ ಮಾಡು ಇದ್ದವರು ಆ ಲೆಕ್ಕಕ್ಕೆ ಸೇರುವುದಿಲ್ಲ. ಊರಲ್ಲಿ ಮನೆಯಿದ್ದೂ ವರ್ಷಕ್ಕೆ ಐದಾರು ತಿಂಗಳು ಮನೆಯಿಲ್ಲದವರಾಗಿರುವ ನಮ್ಮವರು ಯಾವ ಪಟ್ಟಿಯಲ್ಲಿಯೂ ಕಾಣುವುದಿಲ್ಲ.

ಅವರು ಕಡಿದ ಕಬ್ಬಿನಿಂದ ಲಾಭ ಪಡೆಯುವವರೆಲ್ಲರಿಗೂ ಹೊಣೆಯಿದೆ. ಕಬ್ಬು ಕಡಿಯುವವರ ಕಲ್ಯಾಣ ಮಂಡಳಿಗಾಗಿ ಕಾರ್ಖಾನೆಗಳಿಂದ ಪ್ರತಿ ಟನ್ ಕಬ್ಬಿಗೆ 10 ರೂಪಾಯಿ ಪಡೆಯುವ ಕ್ರಮವನ್ನು ಮಹಾರಾಷ್ಟ್ರ ಸರ್ಕಾರ ತಂದಿರುವುದು ಈ ದಾರಿಯಲ್ಲಿ ಒಳ್ಳೆಯ ಹೆಜ್ಜೆ. ಆದರೆ ಚಹಕ್ಕೆ ಸಕ್ಕರೆ ಹಾಕಿಕೊಳ್ಳುವ ನಾವೂ ಆ ಪಟ್ಟಿಯಲ್ಲಿದ್ದೇವೆ. ಸರ್ಕಾರದ ಹಣವೆಂದರೆ ಕೊನೆಗೆ ನಮ್ಮ ನಿಮ್ಮ ಹಣವೇ. ಮನಸ್ಸು ಬಂದಾಗ ಕೊಡುವ ನೂರು ರೂಪಾಯಿಗಿಂತ, ಮನಸ್ಸಿರಲಿ ಬಿಡಲಿ ತಿಂಗಳು ತಿಂಗಳು ಕಡಿತವಾಗುವ ಇನ್ನೂರು ರೂಪಾಯಿ ಬಡವನಿಗೆ ಹೆಚ್ಚು ನೆರವಾಗುತ್ತದೆ. ನನ್ನ ಅಪ್ಪನ ಬಾಳೇ ಇದಕ್ಕೆ ಸಾಕ್ಷಿ.

ಇನ್ನು ಆ ಸಹಿಯ ಕಥೆ. ಹೆಸರು ಹಿಂದೆಗೆದುಕೊಳ್ಳಬೇಕೆಂದು ನಾನು ನಾಲ್ಕು ದಿನ ಹಿಂದೆಮುಂದೆ ನೋಡಿದೆ. ನೆರೆಯವರು ಏನೆಂದಾರು ಎಂಬ ಸಂಕೋಚ. ಐದನೆಯ ದಿನ ಶಾಲೆಯಿಂದ ಬರುವಷ್ಟರಲ್ಲಿ ಗುಡಿಸಲುಗಳಿರಲಿಲ್ಲ. ರವದಿಯ ರಾಶಿ ಮತ್ತು ಮೂರು ಕಲ್ಲಿನ ಒಲೆಗಳು ಉಳಿದಿದ್ದವು. ವಿಚಾರಿಸಿಕೊಂಡು ಹೋದೆ. ಕಾಲುವೆಯ ಆಚೆ, ದೀಪವಿಲ್ಲದ ಕಡೆ, ಮತ್ತೆ ಗಳ ನೆಡುತ್ತಿದ್ದರು. ಆ ಹೆಣ್ಣುಮಗಳು ನನ್ನನ್ನು ಗುರುತಿಸಿ ಗೋಣಿಚೀಲ ಹಾಸಿ ಕೂಡಿಸಿದಳು. “ನೀವೇನ್ ಮಾಡ್ತೀರ್ರಿ ಮಾಸ್ತರ. ಎಲ್ಲಾರೂ ಕೂಡಿ ಬರದು ಕೊಟ್ಟಾರಂತ,” ಎಂದು ನನಗೇ ಸಮಾಧಾನ ಹೇಳಿದಳು. ಬರೆದವನು ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ. ಅವಳು ಕೊಟ್ಟ ಚಹ ಕುಡಿದು ಬಂದೆ.

2021ರಲ್ಲಿ ನಿವೃತ್ತನಾದೆ. ಪಿಂಚಣಿಯಲ್ಲಿ ವೃತ್ತಿ ತೆರಿಗೆಯ ಕಡಿತವಿಲ್ಲ. ಉಳಿದ ಆ 200 ರೂಪಾಯಿಯನ್ನು ಬೇರೆಯಾಗಿ ತೆಗೆದಿಡತೊಡಗಿದೆ. ನನ್ನಂಥ ಐದಾರು ನಿವೃತ್ತರು ಜೊತೆಯಾದರು. ಈಗ ಹಂಗಾಮಿನ ತಿಂಗಳುಗಳಲ್ಲಿ ಒಂದು ಖಾಲಿ ಜಾಗಕ್ಕೆ ಅದರ ಒಡೆಯರಿಗೆ ಬಾಡಿಗೆ ಕೊಟ್ಟು, ನೀರಿನ ಟಾಕಿ, ಎರಡು ದೀಪ, ಎರಡು ಶೌಚಾಲಯದ ವ್ಯವಸ್ಥೆ ಮಾಡುತ್ತೇವೆ. ಬಡಾವಣೆಯಲ್ಲಿ ಮೊದಲು ಮುಖ ಸಿಂಡರಿಸಿದವರಲ್ಲಿ ಇಬ್ಬರು ಈ ವರ್ಷ ತಾವಾಗಿಯೇ ಪಾಲು ಕೊಟ್ಟಿದ್ದಾರೆ. ಇದು ಹತ್ತು ಹನ್ನೆರಡು ಕುಟುಂಬಗಳಿಗೆ ಸಾಲುವಷ್ಟು ಮಾತ್ರ. ಉಳಿದವರಿಗೆ ಸರ್ಕಾರ ಬೇಕು, ಕಾರ್ಖಾನೆ ಬೇಕು, ನಾವೆಲ್ಲರೂ ಬೇಕು.

ಆ ಹೆಣ್ಣುಮಗಳು ಮತ್ತೆ ನಮ್ಮ ಊರಿಗೆ ಬಂದಿಲ್ಲ. ಬಂದರೆ ಅರ್ಜಿಯ ಮಾತನ್ನು ಮೊದಲು ಹೇಳಬೇಕೆಂದಿದ್ದೇನೆ. ಅಲ್ಲಿಯವರೆಗೆ ಸಂಘದ ಬಂಧುಗಳಲ್ಲಿ ಒಂದೇ ವಿನಂತಿ: ನಿಮ್ಮ ಮನೆಯ ಹತ್ತಿರ ಗುಡಿಸಲು ಎದ್ದಾಗ, ಅರ್ಜಿಗೆ ಸಹಿ ಹಾಕುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ, ಯಾವ ಊರಿನವರೆಂದು ಕೇಳಿರಿ.