ನದಿಯ ದಾರಿಯಲ್ಲಿ ನೆರಳು: ಹಂಪಿಯ ಗವಿಗಳು ಮತ್ತು ಬಿಡುವಿನ ತಾಣಗಳು

ಹಂಪಿಯ ವಿರೂಪಾಕ್ಷ ದೇವಾಲಯದ ರಥಬೀದಿ ಪೂರ್ವಕ್ಕೆ ಮುಗಿಯುವೆಡೆಯ ಸಮೀಪದಿಂದ ಒಂದು ಕಾಲುದಾರಿ ನದಿಯ ಕಡೆಗೆ ಹೊರಡುತ್ತದೆ. ತುಂಗಭದ್ರೆಯನ್ನು ಎಡಕ್ಕಿಟ್ಟುಕೊಂಡು ಚಕ್ರತೀರ್ಥ, ಕೋದಂಡರಾಮ ದೇವಾಲಯಗಳನ್ನು ಹಾಯ್ದು, ಬಂಡೆಗಳ ಸಂದಿಯಲ್ಲಿ ನುಸುಳಿ, ಅಚ್ಯುತರಾಯನ ಕಾಲದ ಪೇಟೆಬೀದಿಯ ತುದಿಯನ್ನು ದಾಟಿ ಅದು ವಿಠ್ಠಲ ದೇವಾಲಯವನ್ನು ಸೇರುತ್ತದೆ. ಸುಮಾರು 2 ಕಿಲೋಮೀಟರ್ ದೂರದ ಈ ದಾರಿಯ ದೇವಾಲಯಗಳ ಬಗ್ಗೆ ಸಾಕಷ್ಟು ಬರೆಹಗಳಿವೆ. ಆದರೆ ದೇವಾಲಯಕ್ಕೂ ದೇವಾಲಯಕ್ಕೂ ನಡುವೆ ದಾರಿಹೋಕನು ದಣಿವಾರಿಸಿಕೊಳ್ಳುತ್ತಿದ್ದ ಗವಿಗಳು, ಬಂಡೆಯಡಿಯ ಪೊಟರೆಗಳು, ಕಿರುಮಂಟಪಗಳು ಅಧ್ಯಯನದ ಕಣ್ಣಿಗೆ ಬಿದ್ದುದು ಕಡಿಮೆ.

ಇವುಗಳ ರಚನೆ ಬಹು ಸರಳವಾದುದು. ಒಂದರ ಮೇಲೊಂದು ಒರಗಿದ ಹೆಬ್ಬಂಡೆಗಳ ಕೆಳಗೆ ತಾನಾಗಿಯೇ ಉಳಿದ ಬಿಡುವೇ ಕೋಣೆ. ಕೆಲವೆಡೆ ಅದರ ಮುಂದೆ ಕಂಬ ನಿಲ್ಲಿಸಿ ಚಪ್ಪಡಿ ಹಾಸಿದ್ದಾರೆ. ಮತ್ತೆ ಕೆಲವೆಡೆ ಅದೂ ಇಲ್ಲ. ಬಂಡೆಯ ಮೈಮೇಲೆ ಒಂದು ಉಬ್ಬುಶಿಲ್ಪವಷ್ಟೇ ಇದೆ. ಬೇಸಗೆಯಲ್ಲಿ ಕಾದು ಕೆಂಡವಾಗುವ ಈ ಕಲ್ಲುನಾಡಿನಲ್ಲಿ ಬಂಡೆಯ ಬುಡದ ನೆರಳಿಗೆ ಇರುವ ಬೆಲೆ ನಡೆದವರಿಗೆ ಮಾತ್ರ ಗೊತ್ತು.

ಈ ದಾರಿಯ ಗವಿಗಳಲ್ಲಿ ಹೆಸರು ಪಡೆದದ್ದು ಸುಗ್ರೀವನ ಗುಹೆ. ಸೀತೆ ಆಕಾಶಮಾರ್ಗದಿಂದ ಬಿಸುಟ ಆಭರಣಗಳನ್ನು ಸುಗ್ರೀವನು ಇಲ್ಲಿಯೇ ಬಚ್ಚಿಟ್ಟಿದ್ದನೆಂಬುದು ಸ್ಥಳೀಯರ ನಂಬಿಕೆ. ಸಮೀಪದ ಬಂಡೆಯ ಮೇಲಿನ ಪಟ್ಟೆಗಳನ್ನು ಆಕೆಯ ಸೆರಗಿನ ಗುರುತೆಂದು ತೋರಿಸುತ್ತಾರೆ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿಯೂ ಸುಗ್ರೀವನು ಪರ್ವತದ ಗುಹೆಯನ್ನು ಹೊಕ್ಕು ಆಭರಣಗಳನ್ನು ತಂದು ರಾಮನಿಗೆ ತೋರಿಸುತ್ತಾನೆ. ಇದಕ್ಕೆ ಭಿನ್ನವಾಗಿ, ನಾಗಚಂದ್ರನ ರಾಮಚಂದ್ರಚರಿತಪುರಾಣವು ಸೇರಿರುವ ಜೈನ ಪರಂಪರೆಯಲ್ಲಿ ವಾನರರು ಕಪಿಗಳಲ್ಲ, ಕಪಿಧ್ವಜವುಳ್ಳ ವಿದ್ಯಾಧರರು. ಅಲ್ಲಿನ ಸುಗ್ರೀವನು ನಗರದಲ್ಲಿ ಆಳುವ ಅರಸು. ಕಾವ್ಯಗಳು ಹೀಗೆ ಬೇರೆ ಬೇರೆ ದಾರಿ ಹಿಡಿದರೂ ನಡೆಯುವವರ ಕಥೆ ಗವಿಯನ್ನು ಬಿಟ್ಟುಕೊಡಲಿಲ್ಲ. ದಣಿದವರು ಕುಳಿತಲ್ಲಿ ಕಥೆಯೂ ಕುಳಿತುಕೊಂಡಿತು.

ನದೀತೀರದ ಗವಿಯನ್ನು ಉದ್ಯಾನದ ಅಲಂಕಾರವಾಗಿ ನಿರ್ಮಿಸುವ ಪರಿಪಾಠ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿಯೂ ಇತ್ತು. ಹೋಮರನನ್ನು ಇಂಗ್ಲಿಷಿಗೆ ತಂದ ಕವಿ ಅಲೆಗ್ಸಾಂಡರ್ ಪೋಪ್ ಥೇಮ್ಸ್ ನದಿಯ ದಂಡೆಯ ಟ್ವಿಕನ್‌ಹ್ಯಾಮ್‌ನಲ್ಲಿ ತನ್ನ ಮನೆಯನ್ನೂ ರಸ್ತೆಯಾಚೆಯ ತೋಟವನ್ನೂ ಕೂಡಿಸುವ ಸುರಂಗವನ್ನು ಗವಿಯಾಗಿ ಮಾರ್ಪಡಿಸಿ, ಚಿಪ್ಪು, ಖನಿಜ, ಕನ್ನಡಿ ಚೂರುಗಳಿಂದ ಸಿಂಗರಿಸಿದನು. 1744ರಲ್ಲಿ ತೀರಿಕೊಳ್ಳುವವರೆಗೂ ಅವನಿಗೆ ಅದರ ಗೀಳು ಬಿಡಲಿಲ್ಲ. ಅಲ್ಲಿ ಕೃತಕವಾದುದನ್ನು ಸಹಜವೆಂಬಂತೆ ಕಾಣಿಸುವುದು ಕಲೆ. ಬಿಡುವು ಒಡೆಯನದು ಮತ್ತು ಅವನ ಅತಿಥಿಗಳದು. ಹಂಪಿಯಲ್ಲಿ ಸಹಜವಾಗಿದ್ದುದಕ್ಕೆ ಒಂದೆರಡು ಕಂಬ ಸೇರಿಸಿ ಅಪರಿಚಿತನಿಗೆ ಬಿಟ್ಟುಕೊಡಲಾಯಿತು.

ಹಾಗೆಂದು ಹಂಪಿಯ ಪರಿಸರಕ್ಕೆ ಉದ್ಯಾನದ ಕಲ್ಪನೆ ಹೊರಗಿನದಲ್ಲ. ಹಂಪೆಯ ಹರಿಹರ ಕವಿ ವಿರೂಪಾಕ್ಷನ ಪೂಜೆಗಾಗಿ ಹೂದೋಟಕ್ಕೆ ಹೋಗುವುದನ್ನೇ ವಸ್ತುವಾಗಿಸಿ ಪುಷ್ಪರಗಳೆಯನ್ನು ರಚಿಸಿದನು. ನದಿಯ ಮೇಲ್ದಂಡೆಯ ಹಡಗಲಿಗೆ ‘ಹೂವಿನ’ ಎಂಬ ವಿಶೇಷಣ ಬಂದುದು ಅಲ್ಲಿಂದ ವಿರೂಪಾಕ್ಷನಿಗೆ ಹೂವು ಹೋಗುತ್ತಿದ್ದುದರಿಂದ ಎಂದು ಜನ ಹೇಳುತ್ತಾರೆ. ಹಡಗಲಿಯ ಮಲ್ಲಿಗೆಯಂತೂ ಇಂದಿಗೂ ಪ್ರಸಿದ್ಧ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 2021ರಲ್ಲಿ ಹೊಸಪೇಟೆಯೊಡನೆ ವಿಜಯನಗರ ಜಿಲ್ಲೆಯಾದವು. ಆಡಳಿತದ ಈ ನಂಟಿಗಿಂತ ನಡಿಗೆಯ ನಂಟು ಹಳೆಯದು. ಕೊಟ್ಟೂರೇಶ್ವರನ ತೇರಿಗೆ ಇಂದಿಗೂ ಭಕ್ತರು ದೂರದೂರುಗಳಿಂದ ಕಾಲ್ನಡಿಗೆಯಲ್ಲಿ ಬರುತ್ತಾರೆ. ಹಡಗಲಿ ಸೀಮೆಯ ಮೈಲಾರಕ್ಕೆ ಕಾರಣಿಕ ಕೇಳಲು ಜನಸಾಗರ ಸೇರುತ್ತದೆ. ಅಂಥ ದಾರಿಗಳಲ್ಲಿ ನೀರು, ಮಜ್ಜಿಗೆ, ಅನ್ನ ನೀಡುವುದು ಸೇವೆಯೆನಿಸಿದೆ. ಅರವಟ್ಟಿಗೆ, ಸತ್ರ, ಕಟ್ಟೆ, ಗವಿ ಇವೆಲ್ಲ ಒಂದೇ ಧರ್ಮದ ಬೇರೆ ಬೇರೆ ರೂಪಗಳು. ಚಾತುರ್ಮಾಸ್ಯದ ಹೊರತು ಒಂದೆಡೆ ನೆಲೆನಿಲ್ಲದ ಜೈನ ಮುನಿಗಳ ಜೀವನಕ್ರಮಕ್ಕೂ ಈ ಬಗೆಯ ತಾತ್ಕಾಲಿಕ ಆಸರೆ ಅನಿವಾರ್ಯವಾಗಿತ್ತು.

1986ರಲ್ಲಿ ಹಂಪಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರಿಂದ ದೊಡ್ಡ ಸ್ಮಾರಕಗಳಿಗೆ ರಕ್ಷಣೆ ದೊರೆತುದು ನಿಜ. ಇಂದು ವಿಠ್ಠಲ ದೇವಾಲಯವನ್ನು ನೋಡಲು ಬರುವ ಬಹುಮಂದಿ ಕಮಲಾಪುರದ ಕಡೆಯಿಂದ ಬಂದು ಬ್ಯಾಟರಿ ವಾಹನ ಏರುತ್ತಾರೆ. ವೃದ್ಧರಿಗೆ, ಅಶಕ್ತರಿಗೆ ಅದು ಬೇಕೇಬೇಕು. ಆದರೆ ವಾಹನದಲ್ಲಿ ಬಂದವರಿಗೆ ದೇವಾಲಯ ಸಿಗುತ್ತದೆ, ದಾರಿ ಸಿಗುವುದಿಲ್ಲ. ಗೋಡೆ ಬಿದ್ದರೂ ದೇವಾಲಯ ದೇವಾಲಯವಾಗಿಯೇ ಉಳಿಯಬಲ್ಲದು; ನಡೆಯುವವರು ಇಲ್ಲವಾದರೆ ತಂಗುದಾಣವು ಬರಿಯ ಬಂಡೆಯಾಗುತ್ತದೆ. ಅದು ಹಾಳಾದುದೂ ಯಾರ ಗಮನಕ್ಕೂ ಬಾರದು.

ಶಾಸನಗಳು ದಾನಿಯನ್ನು, ದತ್ತಿಯನ್ನು, ದೇವರನ್ನು ಹೆಸರಿಸುತ್ತವೆ. ಬಂಡೆಯಡಿ ಒಂದು ಗಳಿಗೆ ಕುಳಿತು ಎದ್ದವನ ಹೆಸರನ್ನು ಯಾವ ಶಾಸನವೂ ಬರೆಯುವುದಿಲ್ಲ. ಸಂಶೋಧನ ವಿದ್ಯಾರ್ಥಿಗಳು ಈ ದಾರಿಯನ್ನು ಒಮ್ಮೆ ಅಳತೆಪಟ್ಟಿಯೊಡನೆ ನಡೆದು, ಪ್ರತಿಯೊಂದು ಗವಿ ಎಷ್ಟು ದೂರಕ್ಕಿದೆ, ಯಾವ ಹೊತ್ತಿಗೆ ಎಲ್ಲಿ ನೆರಳು ಬೀಳುತ್ತದೆ, ನೀರು ಎಷ್ಟು ಸಮೀಪವಿದೆ, ಯಾವ ಕಥೆ ಎಲ್ಲಿ ಅಂಟಿಕೊಂಡಿದೆ ಎಂಬುದನ್ನು ದಾಖಲಿಸಬೇಕಾಗಿದೆ. ಅರಸರ ವಿಜಯನಗರ ಗ್ರಂಥಗಳಲ್ಲಿ ದೊರೆಯುತ್ತದೆ. ದಾರಿಹೋಕರ ವಿಜಯನಗರವನ್ನು ಹುಡುಕಲು ಈ ನೆರಳುಗಳಿಂದಲೇ ತೊಡಗಬೇಕು.